ರಾಗಿ, ಬಿಸಿಲು ಎರಡೂ ಇದ್ದರೂ ಮೂಳೆ ಸವೆಯುವುದೇಕೆ?

ನಮ್ಮ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಿಸಿಲಿಗೂ ಬರವಿಲ್ಲ, ರಾಗಿ ಮುದ್ದೆಗೂ ಬರವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗಿದ್ದೂ ಡಯಾಲಿಸಿಸ್‌ಗೆ ಹೋಗುವ ಎಷ್ಟೋ ಜನರ ಮೂಳೆ ಸವೆಯುತ್ತದೆ. ಏಕೆ? ಉತ್ತರಕ್ಕೆ ವಿಜ್ಞಾನಿಗಳು ದಶಕಗಳೇ ದುಡಿದರು.

1922ರಲ್ಲಿ ಅಮೆರಿಕದ ಮೆಕಾಲಮ್, ಮಕ್ಕಳ ಕಾಲು ಸೊಟ್ಟ ಮಾಡುವ ರಿಕೆಟ್ಸ್ ಕಾಯಿಲೆಗೆ ಮದ್ದಾಗುವ ಅಂಶವೊಂದು ಮೀನೆಣ್ಣೆಯಲ್ಲಿದೆ ಎಂದು ತೋರಿಸಿದರು. ಅದೇ ವಿಟಮಿನ್ ಡಿ. ಬಿಸಿಲು ತಾಗಿದರೆ ನಮ್ಮ ಚರ್ಮವೂ ಅದನ್ನು ತಯಾರಿಸುತ್ತದೆ.

ಆದರೆ ಅದಿನ್ನೂ ಹಸಿ ಮಡಕೆ. ಆವಿಗೆಯಲ್ಲಿ ಬೇಯಬೇಕು. ಆ ಆವಿಗೆ ಕಿಡ್ನಿ ಎಂಬುದು 1970ರಲ್ಲಿ ಗೊತ್ತಾಯಿತು. ಕಿಡ್ನಿ ತೆಗೆದ ಇಲಿಗಳಲ್ಲಿ ವಿಟಮಿನ್ ಡಿ ಕೊನೆಯ ರೂಪಕ್ಕೆ ಬರುವುದೇ ಇಲ್ಲ ಎಂದು ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೋಡಿಚೆಕ್ ಕಂಡುಕೊಂಡರು.

ಈ ಕೆಲಸ ಮಾಡಿಸುವ ಜೀನ್ 1997ರಲ್ಲಿ ಸಿಕ್ಕಿತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನ್ ಕಿಡ್ನಿಯ ಜೀವಕೋಶಗಳಲ್ಲಿ ಆ ಜೀನನ್ನು ಚುರುಕು ಮಾಡುತ್ತದೆ. ಕ್ಯಾಲ್ಸಿಯಂ ಸಾಕಾದಾಗ ಅದು ಮಂದವಾಗುತ್ತದೆ. ವಿಟಮಿನ್ ಡಿಯನ್ನು ಒಡೆದುಹಾಕುವ ಇನ್ನೊಂದು ಜೀನ್ ಕೆಲಸಕ್ಕಿಳಿಯುತ್ತದೆ. ಸಿದ್ಧವಾದ ವಿಟಮಿನ್ ಡಿ ಕೂಡ ಸುಮ್ಮನಿರುವುದಿಲ್ಲ. ಕರುಳು, ಕಿಡ್ನಿಗಳ ಜೀವಕೋಶದೊಳಗೆ ಹೋಗಿ, ಕ್ಯಾಲ್ಸಿಯಂ ಹೊತ್ತೊಯ್ಯುವ ಪ್ರೋಟೀನ್‌ಗಳ ಜೀನ್‌ಗಳನ್ನು ಎಬ್ಬಿಸುತ್ತದೆ.

ಕಿಡ್ನಿ ಸೋತರೆ ಆವಿಗೆ ಆರುತ್ತದೆ. ತಿಂದ ರಾಗಿಯ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೇ ಇಂಥ ಕೆಲವರಿಗೆ ವೈದ್ಯರು ಸಿದ್ಧರೂಪದ ವಿಟಮಿನ್ ಡಿಯನ್ನೇ ಅಳೆದು ಕೊಡುತ್ತಾರೆ. ಕಿಡ್ನಿ ತೊಂದರೆ ಇರುವವರು ಪಕ್ಕದ ಮನೆಯವರ ಮಾತು ಕೇಳಿ ಮಾತ್ರೆ ನುಂಗಬೇಡಿ. ಹೆಚ್ಚಾದ ಕ್ಯಾಲ್ಸಿಯಂ ರಕ್ತನಾಳಗಳಲ್ಲಿ ಕಟ್ಟಿಕೊಳ್ಳಬಹುದು. ಮೊದಲು ರಕ್ತ ಪರೀಕ್ಷೆ, ಆಮೇಲೆ ಮಾತ್ರೆ.