ಪರಭಾರೆಯಾಗದ ಆಸ್ತಿ: ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಮತ್ತು ಅದರ ಸದಸ್ಯರು

1884ರಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್ ಪ್ರದೇಶದ ಸೇಯ್ಸ್ ಕೋರ್ಟ್ ತೋಟವನ್ನು ಅದರ ಒಡೆಯರು ಸಾರ್ವಜನಿಕರಿಗೆ ಬಿಟ್ಟುಕೊಡಲು ಮುಂದಾದರು. ಹದಿನೇಳನೆಯ ಶತಮಾನದ ಪ್ರಸಿದ್ಧ ದಿನಚರಿಕಾರ ಜಾನ್ ಈವ್ಲಿನ್ ಬೆಳೆಸಿದ ತೋಟವದು. ಕೊಡುವ ಮನಸ್ಸಿತ್ತು; ಆದರೆ ಜನತೆಯ ಹೆಸರಿನಲ್ಲಿ ಅದನ್ನು ಪಡೆದು ಶಾಶ್ವತವಾಗಿ ಕಾಯಬಲ್ಲ ಸಂಸ್ಥೆಯೇ ಇರಲಿಲ್ಲ. ಬಡವರ ವಸತಿಗಾಗಿ ದುಡಿಯುತ್ತಿದ್ದ ಆಕ್ಟೇವಿಯಾ ಹಿಲ್ ಹಾಗೂ ನ್ಯಾಯವಾದಿ ರಾಬರ್ಟ್ ಹಂಟರ್ ಅವರನ್ನು ಈ ಕೊರತೆ ಚಿಂತೆಗೆ ಹಚ್ಚಿತು. ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಅವರೊಡಗೂಡಿದರು. ಹೀಗೆ 1895ರ ಜನವರಿ 12ರಂದು ನ್ಯಾಷನಲ್ ಟ್ರಸ್ಟ್ ನೋಂದಣಿಯಾಯಿತು.

ಮರುವರ್ಷ ಟ್ರಸ್ಟ್ ಸಸೆಕ್ಸ್ ಪ್ರಾಂತದ ಆಲ್ಫ್ರಿಸ್ಟನ್ ಗ್ರಾಮದಲ್ಲಿ ಹದಿನಾಲ್ಕನೆಯ ಶತಮಾನದ ಪಾದ್ರಿಮನೆಯೊಂದನ್ನು ಕೊಂಡಿತು. ಕೊಟ್ಟ ಬೆಲೆ 10 ಪೌಂಡ್. ಮರದ ಚೌಕಟ್ಟಿನ, ಹುಲ್ಲು ಹೊದಿಕೆಯ ಆ ಶಿಥಿಲ ಕಟ್ಟಡವೇ ಟ್ರಸ್ಟ್ ಕೊಂಡ ಮೊದಲ ಮನೆ. ಅರಮನೆಯಿಂದಲ್ಲ, ಸಾಮಾನ್ಯ ವಾಸದ ಮನೆಯಿಂದ ಈ ಕಾರ್ಯ ಆರಂಭವಾದುದು ಗಮನಾರ್ಹ.

ಕೊಂಡದ್ದನ್ನು ಮುಂದಿನವರು ಮಾರಿಬಿಟ್ಟರೆ? ಇದಕ್ಕೆ ಉತ್ತರ 1907ರ ನ್ಯಾಷನಲ್ ಟ್ರಸ್ಟ್ ಕಾಯಿದೆ. ತನ್ನ ಆಸ್ತಿಯನ್ನು ಪರಭಾರೆ ಮಾಡಲಾಗದ್ದೆಂದು ಘೋಷಿಸುವ ಅಧಿಕಾರವನ್ನು ಅದು ಟ್ರಸ್ಟಿಗೆ ನೀಡಿತು. ಹಾಗೆ ಘೋಷಿತವಾದುದನ್ನು ಸ್ವತಃ ಟ್ರಸ್ಟೇ ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ನಮ್ಮ ದಾನಶಾಸನಗಳ ‘ಆಚಂದ್ರಾರ್ಕ’ ಎಂಬ ಪದದ ಆಶಯವೂ ಇದೇ. ಅಲ್ಲಿ ಶಾಪಾಶಯವು ಕಾಯುವುದನ್ನು ಇಲ್ಲಿ ಕಾಯಿದೆ ಕಾಯುತ್ತದೆ.

ಆದರೆ ಮಾರಾಟ ತಡೆಯುವ ಕಾಯಿದೆ ಸೋರುವ ಮಾಡನ್ನು ದುರಸ್ತಿ ಮಾಡದು. ಅದಕ್ಕೆ ಹಣ ಬೇಕು, ಜನ ಬೇಕು. 1945ರಲ್ಲಿ ಟ್ರಸ್ಟಿನ ಸದಸ್ಯರು ಎಂಟು ಸಾವಿರವನ್ನೂ ಮುಟ್ಟಿರಲಿಲ್ಲ. ಇಂದು ಅವರ ಸಂಖ್ಯೆ ಐವತ್ತು ಲಕ್ಷವನ್ನು ಮೀರಿದೆ. ವಾರ್ಷಿಕ ಶುಲ್ಕ ತೆತ್ತವರಿಗೆ ಟ್ರಸ್ಟಿನ ಮನೆ, ತೋಟಗಳಿಗೆ ಉಚಿತ ಪ್ರವೇಶವಿದೆ, ಪತ್ರಿಕೆ ದೊರೆಯುತ್ತದೆ, ವಾಹನ ನಿಲುಗಡೆಯ ಸೌಲಭ್ಯವೂ ಇದೆ. ಬಹುಮಂದಿ ಸೇರುವುದು ಇವುಗಳಿಗಾಗಿಯೇ ಇರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಒಂದು ರಜಾದಿನದ ವಿಹಾರಕ್ಕೆಂದು ತೆತ್ತ ಹಣವೇ ಮತ್ತೊಂದೂರಿನ ಹಳೆಯ ಗೋಡೆಯನ್ನು ಆನಿಸಿ ನಿಲ್ಲಿಸುತ್ತದೆ.

ಇದಕ್ಕಿಂತ ಹಿರಿದಾದ ಲಾಭವೊಂದಿದೆ: ವಾರ್ಷಿಕ ಸಭೆಯಲ್ಲಿ ಮತ ಚಲಾಯಿಸುವ ಹಕ್ಕು. ಅದರಿಂದಾಗಿ ಸದಸ್ಯನು ಪರಂಪರೆಯ ಪ್ರೇಕ್ಷಕನಾಗಿ ಉಳಿಯದೆ ಪಾಲಕರಲ್ಲಿ ಒಬ್ಬನಾಗುತ್ತಾನೆ.

ಈವ್ಲಿನ್ನನ ತೋಟದ ನೆಲದಲ್ಲಿ ಇಂದು ಉಳಿದಿರುವುದು ಚಿಕ್ಕದೊಂದು ಉದ್ಯಾನ ಮಾತ್ರ. ಅದನ್ನು ಇಡಿಯಾಗಿ ಉಳಿಸಿಕೊಳ್ಳಲಾಗದ ಕೊರಗೇ ಮುಂದೆ ಅಸಂಖ್ಯ ತೋಟಗಳಿಗೆ ಬೇಲಿಯಾಯಿತು.