ಲೋಹದ ದಣಿವು

1952ರ ಮೇ 2ರಂದು ‘ಕಾಮೆಟ್’ ವಿಮಾನವು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಹೊರಟಿತು. ಪ್ರಯಾಣಿಕರ ಜೆಟ್ ಸಂಚಾರಕ್ಕೆ ಅದೇ ನಾಂದಿ. ಸರಿಯಾಗಿ ವರ್ಷ ತುಂಬಿದ ದಿನ ಕಲ್ಕತ್ತೆಯ ಬಳಿ ಒಂದು ಕಾಮೆಟ್ ಬಿರುಗಾಳಿಯಲ್ಲಿ ಮುರಿದುಬಿದ್ದು 43 ಮಂದಿ ಮಡಿದರು. 1954ರ ಜನವರಿ 10ರಂದು ಎಲ್ಬಾ ದ್ವೀಪದ ಬಳಿ ಇನ್ನೊಂದು ಕಡಲಿಗೆ ಬಿತ್ತು. ಕಾರಣ ತಿಳಿಯದೆಯೇ, ಊಹೆಯ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಮಾರ್ಚ್ 23ರಂದು ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ನೇಪಲ್ಸಿನ ಬಳಿ 21 ಮಂದಿಯೊಡನೆ ಮತ್ತೊಂದು ಮುಳುಗಿತು. ಆ ಅವಸರವನ್ನು ಕ್ಷಮಿಸುವುದು ಕಷ್ಟ.

ಫಾರ್ನ್‌ಬರೋದ ವಿಜ್ಞಾನಿಗಳು ವಿಮಾನದ ಒಡಲನ್ನೇ ನೀರಿನ ತೊಟ್ಟಿಯಲ್ಲಿಟ್ಟರು. ಹಾರುವಾಗ ಒಳಗಾಳಿಯ ಒತ್ತಡಕ್ಕೆ ಉಬ್ಬಿ, ಇಳಿದಾಗ ಕುಗ್ಗುವ ಒಡಲನ್ನು ಇಲ್ಲಿ ನೀರೊತ್ತಿ, ಬಿಟ್ಟು ಪರೀಕ್ಷಿಸಿದರು. ಸುಮಾರು 3,000 ಹಾರಾಟಗಳಷ್ಟಾದಾಗ ಕಿಟಕಿಯಂಥ ತೆರಪಿನ ಮೂಲೆಯಲ್ಲಿ ತಗಡು ಸೀಳಿತು. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ಮುರಿಯುವ ಹುಡುಗರಿಗೆ ಇದು ಹೊಸತಲ್ಲ! ನೌಕಾಪಡೆ ಎಲ್ಬಾದ ಕಡಲತಳದಿಂದ ಎತ್ತಿತಂದ ಚೂರುಗಳಲ್ಲೂ ಅಂಥದೇ ಬಿರುಕು ಸಿಕ್ಕಿತು.