ಕರಗುವ ಮಿಠಾಯಿ, ಉಳಿಯುವ ಕಾಗದ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಪೆಟ್ಟಿಗೆ ಅಂಗಡಿಯಲ್ಲಿ ನೀವು ಕೊಂಡ ಮಿಠಾಯಿಯ ಕಾಗದದ ಮೇಲೆ ಸಿನಿಮಾ ನಾಯಕನ ಚಿತ್ರವಿದೆಯೆಂದುಕೊಳ್ಳಿ. ಮಿಠಾಯಿ ಬಾಯಿಗೆ, ಕಾಗದ ಬೀದಿಗೆ. ಆ ಕಾಗದವೂ ಚರಿತ್ರೆಯ ದಾಖಲೆಯೆಂದರೆ ನಗುವಿರಾ?

ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿಯು ಹೊಸ ಮಿಠಾಯಿ ಮಾರುವ ಉದ್ದೇಶದಿಂದಲೇ 1971ರ ‘ವಿಲ್ಲಿ ವೊಂಕಾ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ ಚಿತ್ರಕ್ಕೆ ಹಣ ಹೂಡಿತು. 1980ರಲ್ಲಿ ಟಾಪ್ಸ್ ಕಂಪನಿಯು ‘ಸ್ಟಾರ್ ವಾರ್ಸ್’ ಸರಣಿಯ ಪಾತ್ರಗಳ ತಲೆಯಾಕಾರದ ಪುಟ್ಟ ಡಬ್ಬಿಗಳಲ್ಲಿ ಮಿಠಾಯಿ ತುಂಬಿ ಮಾರಿತು. ಸಂಗ್ರಾಹಕರು ಇಂದಿಗೂ ಅವನ್ನು ಹುಡುಕುತ್ತಾರೆ.

ಆದರೆ ತಿನಿಸನ್ನು ಕಾಪಾಡುವುದು ಸುಲಭವಲ್ಲ. ಸಕ್ಕರೆಯು ಗಾಳಿಯ ತೇವವನ್ನು ಹೀರಿ ಅಂಟಾಗುತ್ತದೆ. ಚಾಕೊಲೇಟಿನ ಕೊಬ್ಬು ಬಿಸಿಗೆ ಕರಗಿ, ತಣಿದಾಗ ಮೇಲೆ ಬಿಳಿಚಿದ ಪೊರೆಯಾಗುತ್ತದೆ. ಇರುವೆ ಬರುತ್ತದೆ, ಸುತ್ತಿದ ಕಾಗದವೂ ಕೆಡುತ್ತದೆ. ಆದ್ದರಿಂದ ಮೊದಲು ಛಾಯಾಚಿತ್ರ ತೆಗೆಯಬೇಕು. ಅಳತೆ, ತೂಕ, ಬೆಲೆ, ಕೊಂಡ ಊರು, ದಿನಾಂಕಗಳನ್ನು ಬರೆದಿಡಬೇಕು. ಬಳಿಕ ತಿನಿಸನ್ನು ಬೇರ್ಪಡಿಸಿ, ಕಾಗದವನ್ನು ಬೆಳಕು ಬೀಳದ ಒಣ ಜಾಗದಲ್ಲಿಡಬೇಕು.

ಇಷ್ಟೆಲ್ಲ ಏಕೆ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ಉಳಿದಿಲ್ಲ. ಅಂದಿನ ಛಾಯಾಚಿತ್ರ, ಜಾಹೀರಾತುಗಳಂಥ ಬಿಡಿ ಕಾಗದಗಳೇ ಅದರ ಸಾಕ್ಷಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು ಮೂವತ್ತು ವರ್ಷಗಳ ಬಳಿಕ, 1964ರಲ್ಲಿ.

ಸಂಗ್ರಹಾಲಯ ನಿಮ್ಮೂರಿಗೆ ಬರಲೆಂದು ಕಾಯಬೇಡಿ. ಸಿನಿಮಾ ನಿಮ್ಮ ಹಳ್ಳಿಯ ಮಕ್ಕಳ ಕೈಗೆ ಯಾವ ರೂಪದಲ್ಲಿ, ಎಷ್ಟು ಬೆಲೆಗೆ ಬಂತೆಂದು ಮುಂದಿನವರಿಗೆ ಹೇಳಬಲ್ಲವರು ನೀವೇ. ಮಿಠಾಯಿಯನ್ನು ಧಾರಾಳವಾಗಿ ತಿನ್ನಿ. ಕಾಗದದ ಜೊತೆಗೆ ತಾರೀಖು ಬರೆದ ಒಂದು ಚೀಟಿಯಿಡಿ.